ಇಪ್ಪತ್ತು ನಿಮಿಷಕ್ಕೊಮ್ಮೆ

ಎಂಟು ಗಂಟೆಗೆ ಮೊದಲ ಸಲ ರಕ್ತ ತೆಗೆದರು. ಸಿಸ್ಟರ್ ಅವನ ಎಡ ಮೊಣಕೈಯ ಒಳಮೈಗೆ ಸೂಜಿ ಕೂರಿಸಿ, ಅದರ ಹಿಂಬದಿಗೆ ಉಗುರಿನಷ್ಟು ಪುಟ್ಟ ನಲ್ಲಿಯೊಂದನ್ನು ಸಿಕ್ಕಿಸಿ, ಅಲುಗಾಡದ ಹಾಗೆ ಪಟ್ಟಿ ಸುತ್ತಿ, "ಇನ್ನು ಚುಚ್ಚೋದಿಲ್ಲ. ಸಂಜೆ ಆರರ ತನಕ ಇದರಿಂದಲೇ ತಗೋತೀವಿ, ಇಪ್ಪತ್ತು ನಿಮಿಷಕ್ಕೊಂದ್ಸಲ. ಕೈ ಮಡಿಸಬೇಡಿ, ಅಷ್ಟೇ," ಎಂದು ಹೇಳಿ ಪಕ್ಕದ ಮಂಚಕ್ಕೆ ಹೋದಳು. ಹತ್ತು ಗಂಟೆ ಹೊತ್ತು, ಮೊದಲನೆಯದೂ ಸೇರಿ ಮೂವತ್ತೊಂದು ಸಲ. ಲೆಕ್ಕ ಹಾಕುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ಹಾಗಾಗಿ ಲೆಕ್ಕ ಬೇಗ ಮುಗಿದು, ಮಾಡಲು ಬೇರೇನೂ ಉಳಿಯಲಿಲ್ಲ. ಗೋಡೆ ನೋಡಿದ. ಬಿಳಿ ಬಣ್ಣ ಎದ್ದಲ್ಲೆಲ್ಲ ಹಳೆಯ ಹಸಿರು ಇಣುಕುತ್ತಿತ್ತು. ಬಾಗಿಲಿನ ಮೇಲರ್ಧ ಗಾಜು. ಅದರಾಚೆ ಕಾರಿಡಾರಿನ ಬೆಂಚಿನ ಮೇಲೆ ಕೂತ ಹೆಂಡತಿಯ ಒಂದು ಭುಜ, ಬಗ್ಗಿಸಿದ ತಲೆ, ಕೆಂಪು ಪೆನ್ನು ಹಿಡಿದ ಕೈ ಕಾಣುತ್ತಿದ್ದವು. ಶಾಲೆಯಿಂದ ತಂದ ನಲವತ್ತು ನೋಟುಪುಸ್ತಕಗಳನ್ನು ತಿದ್ದುತ್ತಿದ್ದಳು. ಅವಳು ಇಲ್ಲಿ ಕೂತಿರಬೇಕೆಂದು ಆಸ್ಪತ್ರೆಯವರೇನೂ ಹೇಳಿರಲಿಲ್ಲ. ಈ ಪರೀಕ್ಷೆ ಅವನದೆಂದು ಇಲ್ಲಿ ಕಸ ಗುಡಿಸುವವನಿಗೂ ಗೊತ್ತು. ಮನೆಯಲ್ಲಿ ಅಮ್ಮನ ಪಾಲಿಗೆ ಮಾತ್ರ ಇದು ಸೊಸೆಯ ಪರೀಕ್ಷೆ. ಇಡೀ ದಿನ ಹಿಡಿಯುತ್ತದೆ ಎಂದು ಹೇಳಿ ಹೊರಟ ಮೇಲೆ ಸೊಸೆ ಇಡೀ ದಿನ ಎಲ್ಲಾದರೂ ಇರಲೇಬೇಕಲ್ಲ.

"ಇದೇ ಕೊನೆ ಕಣೋ," ಎಂದಿದ್ದಳು ಅಮ್ಮ ಬೆಳಿಗ್ಗೆ, ಅವನು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಶೂ ಕಟ್ಟಿಕೊಳ್ಳುತ್ತಿದ್ದಾಗ. ಪಿಸುಮಾತು ಎಂದು ಅವಳು ತಿಳಿದಿದ್ದ ದನಿ ಅಡುಗೆಮನೆಯವರೆಗೆ ಧಾರಾಳವಾಗಿ ಕೇಳುತ್ತದೆ. "ಇದರಲ್ಲೂ ಏನೂ ಆಗಲ್ಲ ಅಂದ್ರೆ ಅವಳಪ್ಪನ ಹತ್ರ ನಾನೇ ಮಾತಾಡ್ತೀನಿ. ನಿನಗೂ ನಲವತ್ತಾಗ್ತಾ ಬಂತು." ಅವನು "ನೋಡೋಣಮ್ಮ" ಎಂದ. ಒಳಗೆ ನಲ್ಲಿಯ ನೀರು ನಿಂತಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಚಪ್ಪಲಿ ಮೆಟ್ಟಿದಳು. ಬಸ್ಸಿನಲ್ಲಿ ಕೇಳಿದ್ದು ಫೈಲು ತಂದಿದ್ದೀರಾ ಎಂದಷ್ಟೇ. ಎರಡು ವರ್ಷದ ಹಿಂದೆ ತಂಗಿಗೆ ಮಗುವಾದಾಗಲೂ ಅವನು ಹೀಗೇ ಶೂ ಕಟ್ಟುತ್ತಿದ್ದ. ನೋಡಲು ಹೊರಟಿದ್ದ ಹೆಂಡತಿಯನ್ನು ಅಮ್ಮ ತಡೆದು, "ನೀನು ಆಮೇಲೆ ಹೋಗುವಿಯಂತೆ, ಮೊದಲು ಮಕ್ಕಳಿರೋರು ಎತ್ಕೊಳ್ಳಲಿ," ಎಂದಿದ್ದಳು. ಅವನಿಗೆ ಚೆನ್ನಾಗಿ ಕೇಳಿಸಿತ್ತು. ಗಂಟು ಬಿಚ್ಚಿ ಮತ್ತೆ ಕಟ್ಟಿದ, ಇನ್ನೊಂದು ಕಾಲಿನದನ್ನೂ ಬಿಚ್ಚಿ ಕಟ್ಟಿದ. ತಲೆಯೆತ್ತುವ ಹೊತ್ತಿಗೆ ಅವಳು ಒಳಗೆ ಹೋಗಿದ್ದಳು. ಹೇಡಿಗೆ ಶೂ ದಾರವೂ ಒಂದು ಆಸರೆ.

ಎಂಟೂ ಇಪ್ಪತ್ತು. ಸಿಸ್ಟರ್ ಬಂದು ನಲ್ಲಿ ತಿರುಗಿಸಿ, ಸಿರಿಂಜಿನಲ್ಲಿ ರಕ್ತ ಎಳೆದು, ಕೊಳವೆಗೆ ಚೀಟಿ ಅಂಟಿಸಿ ಹೋದಳು. ಚೀಟಿಯ ಮೇಲೆ ಅವನ ಹೆಸರಿಲ್ಲ, ಒಂದು ಸಂಖ್ಯೆ. ಕಾಲ ಬಳಿ ನೇತುಹಾಕಿದ ಫೈಲಿನ ಮೇಲೂ ಅದೇ ಸಂಖ್ಯೆ. ಅದರ ಕೆಳಗೆ ಯಾರೋ ದುಂಡಗೆ "ಕಾರಣ ತಿಳಿದಿಲ್ಲ" ಎಂದು ಬರೆದಿದ್ದರು. ಒಂದು ಮಿಲಿಲೀಟರಿಗೆ ಕಡಿಮೆಯೆಂದರೂ ಒಂದೂವರೆ ಕೋಟಿ ವೀರ್ಯಾಣು ಇರಬೇಕಂತೆ. ಅವನದರಲ್ಲಿ ಇದ್ದದ್ದು ಮೂವತ್ತು ಲಕ್ಷ. ಮೊದಲ ಸಲ ಕೇಳಿದಾಗ ನಗು ಬಂದಿತ್ತು. ಮೂವತ್ತು ಲಕ್ಷವೆಂದರೆ ದೊಡ್ಡ ಊರೇ ಆಯಿತು. ಅಷ್ಟು ಮಂದಿಯಲ್ಲಿ ದಾರಿ ಬಲ್ಲವನು ಒಬ್ಬನೂ ಇಲ್ಲವೇ? ಯಾಕೆ ಕಡಿಮೆ ಎಂದು ಹುಡುಕಿದರು. ಏಟು ಬಿದ್ದಿರಲಿಲ್ಲ, ವೃಷಣದ ರಕ್ತನಾಳ ಊದಿರಲಿಲ್ಲ, ಹುಡುಗನಾಗಿದ್ದಾಗ ಮಂಗನಬಾವು ಬಂದಿರಲಿಲ್ಲ. ಸಿಗರೇಟಿಲ್ಲ, ಕುಡಿತವಿಲ್ಲ. ಒಂದಾದರೂ ಚಟ ಇದ್ದಿದ್ದರೆ ಬಿಡಬಹುದಿತ್ತು, ಬಿಟ್ಟೆ ಎಂದು ಹೇಳಿಕೊಂಡು ತಿರುಗಬಹುದಿತ್ತು. ಕಾರಣವಿದ್ದರೆ ಅದೊಂದು ಕಾಯಿಲೆ. ಕಾರಣವಿಲ್ಲದಿದ್ದರೆ ಅದು ತಾನೇ ಎಂದು ಅವನಿಗೆ ಅನ್ನಿಸುತ್ತಿತ್ತು.

ಪಕ್ಕದ ಮಂಚದವನು ಬಸ್ ಡ್ರೈವರ್. ದಪ್ಪ ಕುತ್ತಿಗೆ, ಬಿಸಿಲಿಗೆ ಕಂದಿದ ಬಲಗೈ, ಮಲಗಿದ್ದರೂ ಕಾಲು ಬ್ರೇಕು ಹುಡುಕುತ್ತಿರುವಂತೆ ಅಲುಗುತ್ತಿತ್ತು. ಒಂಬತ್ತರ ಹೊತ್ತಿಗೆ ಅವನಿಗೆ ಮಾತು ಬೇಕಾಯಿತು.

"ಆಹಾ, ಹನ್ನೊಂದು ವರ್ಷ ಆಯ್ತು ಸಾರ್, ಹಗಲು ಹೊತ್ತಲ್ಲಿ ಹೀಗೆ ಕಾಲು ಚಾಚಿ ಮಲಗಿ. ರಕ್ತ ಹೋದರೆ ಹೋಗಲಿ. ನಾನು ಹೋಲಿಸಿ ನೋಡೋ ಗುಂಪು. ಮೂರು ಮಕ್ಕಳು ನನಗೆ. ಮಕ್ಕಳಾಗದೇ ಇರೋರದ್ದನ್ನ ನಮ್ಮಂಥವರ ಜೊತೆ ಇಟ್ಟು ನೋಡ್ತಾರಂತೆ. ನೀವೂ ಅದೇ ತಾನೆ?"

"ಹೂಂ," ಎಂದುಬಿಟ್ಟ.

"ಎಷ್ಟು ಮಕ್ಕಳು?"

"ಒಬ್ಬಳು. ಮಗಳು."

"ಏನು ಓದ್ತಾಳೆ?"

"ಮೂರನೇ ಕ್ಲಾಸು," ಎಂದ. ಆ ಮಾತು ಬಾಯಿಂದ ಬೀಳುತ್ತಲೇ ಮೂರನೇ ಕ್ಲಾಸಿನ ಒಬ್ಬ ಹುಡುಗಿ ಎದುರಿಗೆ ಬಂದು ನಿಂತಳು: ಒಂದು ಕಾಲುಚೀಲ ಜಾರಿದೆ, ಮುಂದಿನ ಹಲ್ಲೊಂದು ಬಿದ್ದಿದೆ, ಸಿಟ್ಟಿನವಳು. ಅವಳು ಇರಲಿಲ್ಲ, ಆದರೂ ಜಾರಿದ ಆ ಕಾಲುಚೀಲವನ್ನು ಎಳೆದು ಸರಿಮಾಡಬೇಕೆನ್ನಿಸಿತು. ಡ್ರೈವರ್ ಹೆಣ್ಣು ಮಕ್ಕಳೇ ವಾಸಿ, ತನ್ನ ದೊಡ್ಡ ಮಗ ತಾನು ಮನೆಗೆ ಬಂದರೆ ಎದ್ದು ಹೊರಗೆ ಹೋಗುತ್ತಾನೆ ಎಂದು ಹೇಳುತ್ತಿದ್ದ. ಇವನಿಗೆ ಅರ್ಧ ಕೇಳಿಸಿತು. ಸುಳ್ಳು ಹೇಳಬೇಕೆಂದುಕೊಂಡಿರಲಿಲ್ಲ. ಸಂಜೆ ಆರು ಕಳೆದರೆ ಮತ್ತೆ ಮುಖ ನೋಡದ ಒಬ್ಬ ಡ್ರೈವರನ ಮುಂದೆಯೂ ಇದನ್ನು ಮುಚ್ಚಿಡಬೇಕೆಂದು ಯಾವ ದೊಣ್ಣೆನಾಯಕ ಅಪ್ಪಣೆ ಮಾಡಿದ್ದ?

ನಾಲ್ಕು ವರ್ಷದ ಹಿಂದೆ ಮೊದಲ ಸಲ ಡಬ್ಬಿ ಕೊಟ್ಟು ಕಳಿಸಿದ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಬೇಸಿನ್ನು, ಚಿಲಕ ಪೂರ್ತಿ ಕೂರದ ಬಾಗಿಲು ಇದ್ದವು. ಹೊರಗೆ ಯಾರೋ ಲಿಫ್ಟಿಗಾಗಿ ಕಾಯುತ್ತ ಮದುವೆಯೊಂದರ ಊಟದ ಬಗ್ಗೆ ಮಾತಾಡುತ್ತಿದ್ದರು. ಅರ್ಧ ಗಂಟೆ ಬೇಕಾಯಿತು. ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಕಿಟಕಿಗೆ ಕೊಟ್ಟಾಗ ಒಳಗಿನವನು ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು, "ಇಷ್ಟೇನಾ? ಚೆಲ್ಲಿತಾ?" ಎಂದು ಕೇಳಿದ. ಅವನ ಹಿಂದೆ ಸಾಲಿನಲ್ಲಿ ಆರು ಜನರಿದ್ದರು. ವರದಿ ಬಂದ ದಿನ ಹೆಂಡತಿಯೇ ಓದಿದಳು, ಎರಡು ಸಲ ಓದಿದಳು, ಮಡಿಸಿ ಕೈಚೀಲದಲ್ಲಿಟ್ಟಳು. ಅವಳ ವರದಿಗಳೆಲ್ಲ ಸರಿಯಾಗಿದ್ದವು. ಬಸ್ ನಿಲ್ದಾಣದಲ್ಲಿ ಅವನು ಅತ್ತ. ಗಂಡಸು ಅಳುವುದನ್ನು ಜನ ನೋಡುತ್ತಿದ್ದುದರಿಂದ ಅವಳು ಎದುರಿಗೆ ಅಡ್ಡವಾಗಿ ನಿಂತುಕೊಂಡು, "ಸದ್ಯಕ್ಕೆ ನಂದೇ ಅಂತ ಹೇಳಿಬಿಡೋಣ ಅತ್ತೆಗೆ. ನೀವು ಸ್ವಲ್ಪ ಸುಧಾರಿಸ್ಕೊಳ್ಳಿ," ಎಂದಳು. ಸದ್ಯಕ್ಕೆ ಎಂದಿದ್ದಳು. ಆ ಮಾತನ್ನು ಅವನು ಕೇಳಿಸಿಕೊಂಡಿರಲಿಲ್ಲ ಎಂದೇನಲ್ಲ.

ಆಮೇಲೆ ಅಮ್ಮ ಸೊಸೆಗೆಂದು ಎಲ್ಲಿಂದಲೋ ಒಂದು ಪುಡಿ ತರಿಸಿದಳು; ದಿನಕ್ಕೆರಡು ಸಲ ನೀರಲ್ಲಿ ಕುದಿಸಿ ಕುಡಿಯಬೇಕು, ವಿಷದಂಥ ಕಹಿ. ಮೊದಲ ದಿನ ಗಂಡ ಹೆಂಡಿರಿಬ್ಬರೂ ಅಡುಗೆಮನೆಯಲ್ಲಿ ಬಾಗಿಲು ಮುಂದು ಮಾಡಿ, ಅರ್ಧ ಅವಳು ಅರ್ಧ ಅವನು ಕುಡಿದು, ಮುಖ ಕಿವಿಚಿ, ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಿದ್ದರು. ಅದೊಂದು ಆಟದ ಹಾಗಿತ್ತು. ಒಂದು ವಾರ ಅವನು ತನ್ನ ಪಾಲು ಕುಡಿದ. ಒಂದು ದಿನ ಕಚೇರಿಗೆ ತಡವಾಯಿತು; ಮರುದಿನ ಮರೆತುಹೋಯಿತು. ಅವಳು ಎರಡು ವರ್ಷ ಕುಡಿದಳು. ಕುತ್ತಿಗೆಯ ಮೇಲೆಲ್ಲ ಗಂಧೆ ಎದ್ದಿತು. ಶಾಲೆಯ ಜೊತೆಗಾತಿಯರು ಅವಳಿಗೆ ತಮಗೆ ಗೊತ್ತಿದ್ದ ಡಾಕ್ಟರುಗಳ ವಿಳಾಸ ಕೊಟ್ಟರು. ಅವಳು ಎಲ್ಲವನ್ನೂ ಬರೆದುಕೊಂಡು ಬರುತ್ತಿದ್ದಳು.

ಒಂದು ಗಂಟೆಗೆ ಸಿಸ್ಟರ್ ಅವಳನ್ನು ಒಳಗೆ ಬಿಟ್ಟಳು. ಅವಳು ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿದು, ಕೈ ಮಡಿಸಲಾಗದ ಅವನ ಬಾಯಿಗೆ ಒಂದೊಂದೇ ತೊಳೆ ಇಟ್ಟಳು. ಅವನಿಗೆ ಇನ್ನೊಂದು ಕೈ ಇತ್ತು. ಅದು ಇಬ್ಬರಿಗೂ ನೆನಪಾಗಲಿಲ್ಲ.

"ಪುಣ್ಯವಂತರು ಬಿಡಿ," ಎಂದ ಡ್ರೈವರ್ ಬ್ರೆಡ್ಡು ಅಗಿಯುತ್ತ. "ನಮ್ಮನೆಯವಳು ಗೇಟಿನ ತನಕಾನೂ ಬರಲಿಲ್ಲ. ಮಗಳನ್ನ ಯಾರ ಹತ್ರ ಬಿಟ್ಟು ಬಂದ್ರಿ ಅಮ್ಮಾ?"

ಅವಳ ಕೈ ತಡೆಯಲಿಲ್ಲ. ತೊಳೆಯ ಮೇಲಿನ ಬಿಳಿ ನಾರನ್ನು ಬಿಡಿಸುತ್ತಿದ್ದವಳು ಗಂಡನ ಕಡೆ ಒಮ್ಮೆ ನೋಡಿದಳು, ಅಷ್ಟೇ. "ಅಜ್ಜಿ ಹತ್ರ," ಎಂದಳು.

"ಮೂರನೇ ಕ್ಲಾಸು ಅಂದ್ರಲ್ಲ ಸಾರು. ಚೂಟಿ ಇರಬೇಕು."

"ಹೂಂ. ಮಾತು ಜಾಸ್ತಿ."

ಅವನ ಹೆಂಡತಿ ಮೊದಲು ಹೀಗಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಬಸ್ಸಿನಲ್ಲಿ ಟಿಕೆಟ್ ಕೇಳದೇ ಹೋದ ಕಂಡಕ್ಟರನನ್ನು ಹುಡುಕಿಕೊಂಡು ಹೋಗಿ ಟಿಕೆಟ್ ತೆಗೆಸಿಕೊಂಡ ಹೆಂಗಸು. ಸುಳ್ಳು ಹೇಳಿದರೆ ಅವಳ ಕಿವಿ ಕೆಂಪಾಗುತ್ತಿತ್ತು. ಈಗ ಇಲ್ಲದ ಮಗಳಿಗೆ ಕೂತಲ್ಲೇ ಅಜ್ಜಿಯನ್ನೂ ಮಾತನ್ನೂ ಕೊಟ್ಟಳು, ಕಿವಿ ಮೊದಲಿದ್ದ ಬಣ್ಣದಲ್ಲೇ ಇತ್ತು. ಇದನ್ನು ಅವಳಿಗೆ ಕಲಿಸಿದವನು ತಾನು. ಅವನು ದನಿ ತಗ್ಗಿಸಿ, "ಇವತ್ತು ಅಮ್ಮನಿಗೆ ಹೇಳಿಬಿಡ್ತೀನಿ," ಎಂದ.

"ಹೂಂ," ಎಂದಳು ಅವಳು. ಸಿಪ್ಪೆಯನ್ನೆಲ್ಲ ಕಾಗದದಲ್ಲಿ ಸುತ್ತಿದಳು. ಇನ್ನೂ ಹದಿನೆಂಟು ಪುಸ್ತಕ ಬಾಕಿ ಇವೆ ಎಂದು ಹೇಳಿ ಎದ್ದು ಹೋದಳು. ಅಮ್ಮನಿಗೆ ಹೇಳಿಬಿಡುತ್ತೇನೆ ಎಂಬ ಮಾತನ್ನು ಅವನು ಇದಕ್ಕೆ ಮೊದಲು ಎಷ್ಟು ಸಲ ಹೇಳಿದ್ದನೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಡಾಕ್ಟರಮ್ಮ ಬಂದದ್ದು ಎರಡೂವರೆಗೆ. ಸಣ್ಣ ಮೈಯ, ಅವಸರದ ಹೆಂಗಸು. ರೋಗಿಗೆ ಎಲ್ಲವನ್ನೂ ವಿವರಿಸಬೇಕೆಂದು ನಂಬಿದವರು. ಆ ನಂಬಿಕೆಯೇ ಅವನಿಗೆ ಮುಳುವಾಯಿತು. ಡ್ರೈವರಿಗೂ ಇವನಿಗೂ ನಡುವೆ ನಿಂತು ಫೈಲು ಬಿಡಿಸಿದರು.

"ನೋಡಿ, ನಿಮ್ಮ ಕೌಂಟು ಈ ಸಲಾನೂ ಅಷ್ಟೇ ಇದೆ, ಮೂವತ್ತು ಲಕ್ಷದ ಆಸುಪಾಸು. ಯಾಕೆ ಇಡೀ ದಿನ ಕೂರಿಸಿದ್ದೀವಿ ಗೊತ್ತಾ? ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಅದು ಹಾರ್ಮೋನನ್ನ ಒಂದೇ ಸಮ ಬಿಡೋದಿಲ್ಲ. ಬಾಗಿಲು ತಟ್ಟಿದ ಹಾಗೆ, ಬಿಟ್ಟು ಬಿಟ್ಟು ಕಳಿಸುತ್ತೆ. ಒಂದೇ ಸಲ ರಕ್ತ ತೆಗೆದರೆ ತಟ್ಟಿದಾಗ ಸಿಕ್ತೋ, ಸುಮ್ಮನಿದ್ದಾಗ ಸಿಕ್ತೋ ಗೊತ್ತಾಗಲ್ಲ. ಎಷ್ಟು ಹೊತ್ತಿಗೊಂದ್ಸಲ ತಟ್ಟುತ್ತೆ, ಎಷ್ಟು ಜೋರಾಗಿ ತಟ್ಟುತ್ತೆ, ಅದನ್ನ ನೋಡಬೇಕು."

"ಹಿಂದಿನ ರಿಪೋರ್ಟಲ್ಲಿ ಎಲ್ಲಾ ಸರಿ ಇದೆ ಅಂದಿದ್ರಿ," ಎಂದ ಅವನು. ದನಿ ಆದಷ್ಟು ಚಿಕ್ಕದು ಮಾಡಿದ್ದ.

"ಮಿತಿಯೊಳಗಿದೆ ಅಂದಿದ್ದೆ. ಎಫ್‌ಎಸ್‌ಎಚ್ ಅಂದ್ರೆ ಆ ಗ್ರಂಥಿ ಕಳಿಸೋ ಹಾರ್ಮೋನು, ಮಿತಿಯ ಮೇಲ್ತುದೀಲಿದೆ, ವೃಷಣದಲ್ಲಿ ತಯಾರಾಗೋ ಟೆಸ್ಟೋಸ್ಟೆರಾನ್ ಕೆಳತುದೀಲಿದೆ. ಒಂದೊಂದಾಗಿ ತಗೊಂಡ್ರೆ ಯಾವುದನ್ನೂ ತಪ್ಪು ಅನ್ನೋ ಹಾಗಿಲ್ಲ. ಒಟ್ಟಿಗೆ ಇಟ್ಟು ನೋಡಿದ್ರೆ ಎಲ್ಲಾ ಒಂದೇ ಕಡೆ ವಾಲಿವೆ. ಹೊರಗಿನೋರು ಜೋರಾಗಿ ತಟ್ತಾ ಇದ್ದಾರೆ, ಒಳಗಿನೋರು ಏಳ್ತಾ ಇಲ್ಲ, ಹಾಗೆ. ನಿಮ್ಮಂಥವರಲ್ಲಿ ಎಷ್ಟು ಜನಕ್ಕೆ ಹೀಗಿದೆ ಅಂತ ನೋಡೋದೇ ಈ ಅಧ್ಯಯನ."

"ಔಷಧಿ?"

"ಇದು ಚಿಕಿತ್ಸೆ ಅಲ್ಲ. ಸಹಿ ಹಾಕುವಾಗ ಹೇಳಿದ್ವಲ್ಲ," ಎಂದರು ಡಾಕ್ಟರಮ್ಮ, ಬೇಸರವಿಲ್ಲದೆ. ಅವನ ಹೆಗಲು ತಟ್ಟಿ ಡ್ರೈವರನ ಕಡೆ ತಿರುಗಿದರು. ಡ್ರೈವರ್ ಕಣ್ಣು ಮುಚ್ಚಿ ಗೋಡೆಯ ಕಡೆ ಹೊರಳಿದ್ದ, ಗೊರಕೆಯ ಸದ್ದನ್ನೂ ಮಾಡುತ್ತಿದ್ದ. ಅಷ್ಟು ಮರ್ಯಾದೆಯ ಗೊರಕೆಯನ್ನು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅದರ ಬದಲು ಡ್ರೈವರ್ ಗಹಗಹಿಸಿ ನಕ್ಕಿದ್ದರೆ ವಾಸಿಯಿತ್ತು.

ಎಲ್ಲಾ ಒಂದೇ ಕಡೆ ವಾಲಿವೆ. ಈ ಮಾತು ಡಾಕ್ಟರಮ್ಮನಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಅವನ ಕೆಲಸವೇ ಅದು: ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಗಳನ್ನು ಪರೀಕ್ಷಿಸಿ ಸರ್ಕಾರದ ಮುದ್ರೆ ಹಾಕುವುದು. ಪೇಟೆಯಲ್ಲಿ ಎಲ್ಲರೂ ಅವನನ್ನು ತಕ್ಕಡಿ ಸಾಹೇಬರು ಎನ್ನುತ್ತಾರೆ. ಯಾವ ತಕ್ಕಡಿಯೂ ಪೂರ್ತಿ ನಿಜ ಹೇಳುವುದಿಲ್ಲ, ಅದಕ್ಕೇ ಪ್ರತಿಯೊಂದಕ್ಕೂ ಇಷ್ಟು ತಪ್ಪಿದರೆ ನಡೆಯುತ್ತದೆ ಎಂದು ಕಾನೂನು ಒಂದು ಚೂರು ಜಾಗ ಬಿಟ್ಟಿದೆ. ಪ್ರಾಮಾಣಿಕನ ಅಂಗಡಿಯಲ್ಲಿ ಒಂದು ತಕ್ಕಡಿ ಗಿರಾಕಿಯ ಕಡೆ ತಪ್ಪಿದರೆ ಇನ್ನೊಂದು ಅಂಗಡಿಯವನ ಕಡೆ ತಪ್ಪುತ್ತದೆ. ಒಬ್ಬ ಸಕ್ಕರೆ ವ್ಯಾಪಾರಿಯ ಬಳಿ ನಾಲ್ಕು ತಕ್ಕಡಿಗಳಿದ್ದವು; ನಾಲ್ಕೂ ಆ ಬಿಟ್ಟ ಜಾಗದ ಅಂಚಿಗೇ ಬಂದು, ನಾಲ್ಕೂ ವ್ಯಾಪಾರಿಯ ಕಡೆಗೇ ವಾಲಿ ನಿಲ್ಲುತ್ತಿದ್ದವು. "ಎಲ್ಲಾ ಮಿತಿಯೊಳಗೇ ಇದೆಯಲ್ಲ ಸಾಹೇಬ್ರೇ," ಎಂದು ಆ ಮನುಷ್ಯ ಕೈ ಮುಗಿದು ನಗುತ್ತಿದ್ದ. ಕಾನೂನು ಒಂದೊಂದು ತಕ್ಕಡಿಯನ್ನೂ ಬೇರೆಯಾಗಿ ನೋಡುತ್ತದೆ. ಅವನು ಹಲ್ಲು ಕಚ್ಚಿ ನಾಲ್ಕಕ್ಕೂ ಮುದ್ರೆ ಹಾಕಿ ಬರುತ್ತಿದ್ದ, ಬಂದು ಹೆಂಡತಿಯ ಮುಂದೆ ಆ ಕಳ್ಳನಿಗೆ ಶಾಪ ಹಾಕುತ್ತಿದ್ದ. ಅವಳು ಕೇಳಿಸಿಕೊಳ್ಳುತ್ತಿದ್ದಳು. ಆಗ ಅವಳ ಮನಸ್ಸಿನಲ್ಲಿ ಏನಿತ್ತೆಂದು ಈಗ ನೆನೆದರೆ ಮೈ ಬೆವರುತ್ತದೆ. ಅವನು ಅಮ್ಮನಿಗೆ ಯಾವತ್ತೂ ಸುಳ್ಳು ಹೇಳಿರಲಿಲ್ಲ. ಹೇಳಿದ್ದೆಲ್ಲ ಹೆಂಡತಿ, ಅವನು ಪಕ್ಕದಲ್ಲಿ ನಿಂತಿದ್ದ. ಒಂದು ದಿನ ಸುಮ್ಮನಿದ್ದದ್ದು ದೊಡ್ಡ ತಪ್ಪೇನಲ್ಲ, ಇನ್ನೊಂದು ದಿನ ಸುಮ್ಮನಿದ್ದದ್ದೂ ಅಲ್ಲ. ಒಂದೊಂದು ದಿನವನ್ನೂ ಬೇರೆಯಾಗಿ ಹಿಡಿದು ನೋಡಿದರೆ ಅವನು ಒಳ್ಳೆಯ ಗಂಡ, ಒಳ್ಳೆಯ ಮಗ. ನಾಲ್ಕು ವರ್ಷವನ್ನು ಒಟ್ಟಿಗಿಟ್ಟರೆ ಎಲ್ಲವೂ ಅವನ ಕಡೆಗೇ ವಾಲಿದ್ದವು. ಮೂರು ಗಂಟೆಗೆ ರಕ್ತ ಸರಾಗವಾಗಿ ಬರಲಿಲ್ಲ. ಸಿಸ್ಟರ್ ಮುಷ್ಟಿ ಬಿಗಿ ಹಿಡಿದು ಬಿಡಿ ಎಂದಳು, ಅವನು ಹಾಗೇ ಮಾಡಿದ.

ಆರಕ್ಕೆ ಮೂವತ್ತೊಂದನೆಯದು ಮುಗಿಯಿತು. ಸೂಜಿ ಕಿತ್ತು ಪಟ್ಟಿ ಹಚ್ಚಿದರು. ಸುತ್ತ ಹಸ್ತದಗಲ ನೀಲಿಗಟ್ಟಿತ್ತು. ಡ್ರೈವರ್ ಶರ್ಟು ತೊಟ್ಟು, "ಬರ್ತೀನಿ ಸಾರ್" ಎಂದಷ್ಟೇ ಹೇಳಿ ಹೋದ. ಆಗ ಹೆಂಡತಿ ಒಳಗೆ ಬಂದಳು. ಪುಸ್ತಕಗಳ ಚೀಲ ಕೆಳಗಿಟ್ಟು, ತನ್ನ ಎಡತೋಳಿನ ಬಟ್ಟೆ ಮೇಲೆ ಸರಿಸಿ, ಸಿಸ್ಟರ್ ಮುಂದೆ ಕೈ ಚಾಚಿದಳು.

"ಇಲ್ಲೊಂದು ಹತ್ತಿ ಇಟ್ಟು ಪಟ್ಟಿ ಹಾಕಿಬಿಡ್ತೀರಾ ಸಿಸ್ಟರ್?"

"ಏನಾಯ್ತು? ಪೆಟ್ಟಾಯ್ತಾ?"

"ಇಲ್ಲ. ಮನೇಲಿ ದೊಡ್ಡವರಿದ್ದಾರೆ. ನೋಡ್ತಾರೆ."

ಸಿಸ್ಟರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹತ್ತಿಯನ್ನು ಮಡಿಸಿ ಆ ತೋಳಿನ ಮೇಲಿಟ್ಟು ಎರಡು ಪಟ್ಟಿ ಅಡ್ಡಡ್ಡ ಅಂಟಿಸಿದಳು, ನಿಜವಾದ ಗಾಯಕ್ಕೆ ಹಾಕುವಷ್ಟೇ ಜೋಪಾನವಾಗಿ. ಆಮೇಲೆ ಅವನ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ತನ್ನ ತೋಳಿನ ಮಡಿಕೆಯನ್ನು ಮಣಿಕಟ್ಟಿನ ತನಕ ಇಳಿಸಿ ಗುಂಡಿ ಹಾಕಿಕೊಂಡ.

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದಳು. ಅವನು ವಾಕ್ಯ ಜೋಡಿಸುತ್ತಿದ್ದ. ಅಮ್ಮ ನಿನಗೊಂದು ವಿಷಯ ಹೇಳಬೇಕು. ಅಮ್ಮ ಡಾಕ್ಟರು ಹೇಳಿದ್ರು. ಡಾಕ್ಟರು ಹೇಳಿದ್ರು ಎಂದು ಶುರು ಮಾಡಿದರೆ ಇವತ್ತೇ ಗೊತ್ತಾದ ಹಾಗೆ ಇರುತ್ತದೆ, ನಾಲ್ಕು ವರ್ಷ ಹಾರಿಹೋಗುತ್ತದೆ. ಹೊಳೆದ ಕೂಡಲೇ ಅದು ಎಷ್ಟು ಸೊಗಸಾದ ಉಪಾಯ ಎಂದು ಖುಷಿಯಾಯಿತು, ಖುಷಿಯಾದದ್ದಕ್ಕೆ ಹೇಸಿಗೆಯಾಯಿತು. ಎದುರು ಸೀಟಿನ ಮುದುಕನೊಬ್ಬ ಅವಳ ತೋಳಿನ ಪಟ್ಟಿ ನೋಡಿ, ಪಾಪ ಎನ್ನುವ ಹಾಗೆ ತಲೆಯಾಡಿಸಿದ. ಇವನೂ ತಲೆಯಾಡಿಸಿದ.

ಅಮ್ಮ ಬಾಗಿಲು ತೆಗೆದವಳೇ ಸೊಸೆಯ ತೋಳು ನೋಡಿದಳು. ಬೆಳಗಿ‌ನ ಬಿರುಸು ಮುಖದಲ್ಲಿರಲಿಲ್ಲ. ಒಬ್ಬಳೇ ಕೂತು ಅತ್ತಿದ್ದಳೋ ಏನೋ, ಕಣ್ಣು ಊದಿತ್ತು. "ಎಷ್ಟು ಸಲ ತೆಗೆದ್ರೇ ರಕ್ತ?" ಎಂದು ಕೇಳಿದಳು.

"ಮೂವತ್ತೊಂದು ಸಲ ಅತ್ತೆ."

"ಅಯ್ಯೋ ನನ್ನ ಕಂದ," ಎಂದಳು ಅಮ್ಮ. ಸೊಸೆಯನ್ನು ಅವಳು ಹಾಗೆ ಕರೆದದ್ದು ಅವನ ನೆನಪಿನಲ್ಲಿ ಇದೇ ಮೊದಲು. ಕೈ ಹಿಡಿದು ಕರೆದುಕೊಂಡು ಹೋಗಿ ಮೇಜಿನ ಬಳಿ ಕೂರಿಸಿದಳು, ಅವನಿಗಿಂತ ಮೊದಲು ಅವಳಿಗೆ ಬಡಿಸಿದಳು, ಪಕ್ಕದ ಕುರ್ಚಿ ಎಳೆದು ಕೂತಳು. "ಬೆಳಿಗ್ಗೆ ನಾನು ಅಂದಿದ್ದು ನಿನಗೆ ಕೇಳಿಸಿತು, ನನಗೆ ಗೊತ್ತು. ಮನಸ್ಸಿಗೆ ಹಚ್ಕೋಬೇಡ. ನಿಮ್ಮಪ್ಪನಿಗೆ ಮಧ್ಯಾಹ್ನ ಫೋನ್ ಮಾಡಿದ್ದೆ. ಭಾನುವಾರ ಬಂದು ಕರ್ಕೊಂಡು ಹೋಗ್ತಾರೆ. ಹೋಗಿ ಆರಾಮಾಗಿರು. ಸಾಕಮ್ಮ ಈ ಹಿಂಸೆ, ಒಂದು ಜೀವ ಎಷ್ಟೂಂತ ತಡ್ಕೊಳ್ಳುತ್ತೆ. ಮುಂದಿನದನ್ನ ನಾವು ದೊಡ್ಡವರು ಕೂತು ಮಾತಾಡ್ತೀವಿ. ಇವನಿಗೂ ಒಂದು ದಾರಿ ಆಗಬೇಕಲ್ಲ." ಹೇಳುತ್ತ ಹೇಳುತ್ತ ಆ ಪಟ್ಟಿಯ ಸುತ್ತ ಮೆತ್ತಗೆ ಸವರುತ್ತಿದ್ದಳು.

ಅಮ್ಮನ ಬಿರುನುಡಿಯನ್ನು ಅವನು ನಾಲ್ಕು ವರ್ಷ ತಡೆದುಕೊಂಡಿದ್ದ. ಅದು ಬೀಳುತ್ತಿದ್ದುದು ಬೇರೆಯವರ ಮೇಲಾದ್ದರಿಂದ ತಡೆದುಕೊಳ್ಳುವುದು ಕಷ್ಟವಿರಲಿಲ್ಲ. ಈ ಮಮತೆಯನ್ನು ನೋಡಲು ಆಗಲಿಲ್ಲ. ಅವನು ನಿಂತೇ ಇದ್ದ. "ಅಮ್ಮ," ಎಂದ, "ಪರೀಕ್ಷೆ ಅವಳದ್ದಲ್ಲ, ನಂದು. ಅವಳಲ್ಲಿ ಏನೂ ಕೊರತೆ ಇಲ್ಲ. ಇರೋದು ನನ್ನಲ್ಲಿ."

ಹೇಳಿದ್ದಾಯಿತು. ಇಷ್ಟೇ ಇತ್ತು. ಅಮ್ಮ ಬೆಚ್ಚಲಿಲ್ಲ. ತಲೆಯೆತ್ತಿ, ಅವನು ಚಿಕ್ಕವನಿದ್ದಾಗ ಓಟದಲ್ಲಿ ಗೆದ್ದು ಬಂದಾಗ ನೋಡುತ್ತಿದ್ದಂತೆ ನೋಡಿ ನಕ್ಕಳು.

"ಹೀಗೇ ಏನಾದ್ರೂ ಅಂತೀಯ ಅಂತ ನನಗೆ ಗೊತ್ತಿತ್ತು. ಥೇಟ್ ನಿಮ್ಮಪ್ಪ. ಹೆಂಡತಿ ಹೊರೇನ ತನ್ನ ತಲೆ ಮೇಲೆ ಹೊತ್ಕೊಂಡ್ರೆ ಅವಳಿಗೆ ಹಗುರ ಆಗುತ್ತೆ ಅಂದ್ಕೊಂಡಿದ್ದೀಯ." ಸೊಸೆಯ ಕಡೆ ತಿರುಗಿ, "ಕೇಳಿದೆಯಾ? ಇಂಥ ಗಂಡ ಯಾರಿಗೆ ಸಿಗ್ತಾನೆ ಹೇಳು," ಎಂದಳು.

ಅವನು ಗುಂಡಿ ಬಿಚ್ಚಿ ತೋಳು ಮೇಲೆ ಸರಿಸಿ ನೀಲಿಗಟ್ಟಿದ ಕೈ ತೋರಿಸಿದ. ಅಮ್ಮನ ಕಣ್ಣು ತುಂಬಿತು. "ನಿನ್ನದೂ ತೆಗೆದ್ರೇನೋ? ಅವಳಿಗೆ ಸಾಲದೆ ಬಂದು ನಿನ್ನ ರಕ್ತ ಕೊಟ್ಟೆಯಾ?"

ಆಗ ಅವನಿಗೆ ಹಾಯೆನಿಸಿತು. ನಿಜವನ್ನು ಹೇಳಿದ್ದ, ಏನೂ ಆಗಿರಲಿಲ್ಲ. ಹೇಳಲಿಲ್ಲ ಎಂದು ಇನ್ನು ಯಾರೂ ಅನ್ನುವ ಹಾಗಿಲ್ಲ. ಅವನ ತಲೆ ಹೂಂ ಎನ್ನಲು ತಾನಾಗಿಯೇ ಬಾಗತೊಡಗಿತ್ತು. ಅದು ಬಾಗುತ್ತಿರುವುದು ಅವನಿಗೆ ಗೊತ್ತಾಯಿತು.

"ಇನ್ನೊಂದ್ಸಲ ಹೇಳಿ," ಎಂದಳು ಹೆಂಡತಿ. ದನಿ ಏರಿರಲಿಲ್ಲ. ಕಲಿಯದ ಮಗುವಿಗೆ ಹೇಳುವಾಗ ಅವಳ ದನಿ ಹಾಗಿರುತ್ತಿತ್ತು. ಹೇಳಿ, ತನ್ನ ತೋಳಿನ ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ, ಎರಡನ್ನೂ ಕಿತ್ತು ಹತ್ತಿಯ ಸಮೇತ ಮೇಜಿನ ಮೇಲಿಟ್ಟಳು.

ಅಮ್ಮ ಆ ಜಾಗವನ್ನು ನೋಡಿದಳು. ಹೆಬ್ಬೆರಳಿನಿಂದ ಒತ್ತಿದಳು. ಕಣ್ಣು ಮಂಜಾಗಿರಬೇಕೆಂದು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ಸೂಜಿಯ ಗುರುತು ಎಲ್ಲೂ ಇರಲಿಲ್ಲ.

"ನನ್ನಲ್ಲೇ ಅಮ್ಮ," ಎಂದ ಅವನು. "ಮೊದಲಿಂದಲೂ ನನ್ನಲ್ಲೇ. ಆ ಪುಡಿ ಅವಳು ಕುಡಿಯೋದು ಬೇಕಿರಲಿಲ್ಲ."

ಅಮ್ಮ, "ಎಷ್ಟು ದಿನದಿಂದ ಗೊತ್ತು ನಿನಗೆ?" ಎಂದಳು. ಡಾಕ್ಟರು ಇವತ್ತು ಹೇಳಿದ್ರು ಎನ್ನುವ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು.

"ನಾಲ್ಕು ವರ್ಷ," ಎಂದ.

ಅಮ್ಮ ಅವನನ್ನು ನೋಡಲಿಲ್ಲ. ಸೊಸೆಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅವಳ ದನಿ ಒಡೆದಿತ್ತು. "ನಾನು ಏನೇನೆಲ್ಲ ಅಂದೆ. ನೀನಾದ್ರೂ ಒಂದು ದಿನ ಬಾಯಿ ಬಿಡಬಾರದಿತ್ತೇನೇ?"

"ಇವರೇ ಹೇಳ್ತಾರೆ ಅಂತ ಕಾಯ್ತಾ ಇದ್ದೆ ಅತ್ತೆ," ಎಂದಳು ಅವಳು. "ಮೊದಲನೇ ವಾರದಿಂದ ಕಾಯ್ತಾ ಇದ್ದೆ."